ಘಡಿ ಬಿಚ್ಚಿದಾಗ

ನಮ್ಮ ಬೀದರ ಕಡೆ ಅರಿವೆ ಮಡಿಚಿಡುವುದಕ್ಕೆ ಘಡಿ ಹಾಕುವುದು ಎನ್ನುತ್ತಾರೆ. ನನ್ನ ಅವ್ವ ವರ್ಷಕ್ಕೆ ಎರಡು ಸಲ ಟ್ರಂಕಿನೊಳಗಿನ ರೇಷ್ಮೆ ಸೀರೆಗಳನ್ನೆಲ್ಲ ಹೊರಗೆ ತೆಗೆದು, ನೆರಳಿನಲ್ಲಿ ಹರವಿ, ಮತ್ತೆ ಘಡಿ ಹಾಕಿ ಇಡುತ್ತಿದ್ದಳು. ಹಾಗೆ ಹಾಕುವಾಗ ಮೊದಲಿನ ಗೆರೆಯನ್ನು ತಪ್ಪಿಸಿ ಬೇರೆ ಕಡೆ ಮಡಿಚುತ್ತಿದ್ದಳು. ಯಾಕವ್ವಾ ಎಂದು ಕೇಳಿದರೆ, “ಒಂದೇ ಗೆರಿ ಮ್ಯಾಲ ಘಡಿ ಹಾಕ್ಕೋತ ಹೋದ್ರ ಜರಿ ಅಲ್ಲೇ ಹರೀತದ ಮಗಳ” ಎನ್ನುತ್ತಿದ್ದಳು. ಈ ಮಾತು ಸೀರೆಗೆ ಮಾತ್ರ ಸೇರಿದ್ದು ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಬರವಣಿಗೆಗೂ ಅದು ಅನ್ವಯಿಸುತ್ತದೆ ಎಂದು ಗೊತ್ತಾದದ್ದು ಅರವತ್ತು ದಾಟಿದ ಮೇಲೆ, ಅದೂ ಕಂಪ್ಯೂಟರಿನ ಮುಂದೆ ಕುಳಿತು, ಕೈಯಾರೆ ಒಂದು ಅನಾಹುತ ಮಾಡಿಕೊಂಡ ನಂತರ.

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವಳು ನಾನು. ನೌಕರಿಯ ಕೊನೆಯ ವರ್ಷಗಳಲ್ಲಿ ನನಗೊಂದು ಹುಚ್ಚು ಹಿಡಿಯಿತು. ಬೀದರ, ಭಾಲ್ಕಿ, ಔರಾದ ಕಡೆಯ ಮುದುಕಿಯರನ್ನು ಹುಡುಕಿಕೊಂಡು ಹೋಗಿ ಅವರ ಮಾತು ಬರೆದುಕೊಳ್ಳುವುದು. ಬೀಸುವ ಪದ, ಬಾಣಂತನ, 1972ರ ಬರ, ನಿಜಾಮನ ಕಾಲ, ಅತ್ತೆಯ ಕಾಟ, ಹೀಗೆ ಅವರು ಹೇಳಿದ್ದೆಲ್ಲವೂ ನನಗೆ ಬೇಕಾಗಿತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಬಸ್ಸು ಹಿಡಿದು ಹೋದರೆ ಭಾನುವಾರ ಸಂಜೆ ತಿರುಗಿ ಬರುತ್ತಿದ್ದೆ. ಹತ್ತೊಂಬತ್ತು ನೋಟ್‌ಬುಕ್ಕುಗಳು ತುಂಬಿದವು. ನಿವೃತ್ತಿಯ ನಂತರ ಅವನ್ನೆಲ್ಲ ಕಂಪ್ಯೂಟರಿನಲ್ಲಿ ಕೂಡಿಸಲು ಕುಳಿತೆ. ಆರು ನೂರು ಪುಟ ದಾಟಿತು. ದಾಟಿದ ಮೇಲೆ ನೋಡುತ್ತೇನೆ, ನಾನೇ ಟೈಪು ಮಾಡಿದ್ದು ನನಗೇ ಸಿಗುತ್ತಿಲ್ಲ. ಔರಾದಿನ ಅಜ್ಜಿಯ ಒಂದು ಪದ ಬೇಕೆಂದರೆ ಅರ್ಧ ತಾಸು ಪರದೆಯನ್ನು ಮೇಲೆ ಕೆಳಗೆ ಸರಿಸಬೇಕು. ಆಳದ ಬಾವಿಯಿಂದ ಹಗ್ಗ ಎಳೆದ ಹಾಗೆ ಕೈ ಸೋಲುತ್ತಿತ್ತು, ಕೊಡ ಮಾತ್ರ ಮೇಲೆ ಬರುತ್ತಿರಲಿಲ್ಲ.

ದೀಪಾವಳಿಗೆಂದು ಬೆಂಗಳೂರಿನಿಂದ ಬಂದ ನನ್ನ ಅಣ್ಣನ ಮಗಳು ಇದನ್ನು ನೋಡಿ ನಕ್ಕಳು. “ಅತ್ತಿ, ಆರು ನೂರು ಪುಟ ಹಿಂಗ ಉದ್ದಕ ಹಾಸಿ ಇಟ್ರ ಹೆಂಗ ಸಿಗಬೇಕ್ರಿ? ಸೀರಿ ಹಂಗ ಇಡ್ತೀರೇನು? ಘಡಿ ಹಾಕ್ರಿ.” ಹಾಗೆಂದು ನನ್ನ ಯಂತ್ರದಲ್ಲಿ ಇಮ್ಯಾಕ್ಸ್ ಎಂಬ ಎಡಿಟರನ್ನೂ ಅದರೊಳಗೆ ಸೇರಿಕೊಂಡಿರುವ ಆರ್ಗ್ ಮೋಡ್ ಎಂಬುದನ್ನೂ ಹಾಕಿಕೊಟ್ಟಳು. ನಾನು ಹಳೆಯ ನುಡಿ ಅಕ್ಷರಗಳಲ್ಲಿ ಟೈಪು ಮಾಡಿದ್ದೆ. ಆ ಅಕ್ಷರ ಅದರದೇ ಫಾಂಟಿನ ಆಸರೆಯಲ್ಲಿ ನಿಲ್ಲುವಂಥದ್ದು, ಬರಿಯ ಪಠ್ಯದ ಎಡಿಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಮೊದಲು ಎಲ್ಲವನ್ನೂ ಯೂನಿಕೋಡಿಗೆ ಬದಲಾಯಿಸಬೇಕಾಯಿತು. ಆ ಕೆಲಸಕ್ಕೆ ಎರಡು ದಿನ ಹೋದವು. ಹಬ್ಬದ ಚಕ್ಕಲಿಯನ್ನು ಅವಳೂ ನಾನೂ ಕೀಲಿಮಣೆಯ ಪಕ್ಕದಲ್ಲಿಟ್ಟುಕೊಂಡೇ ತಿಂದೆವು.

ಅದರ ಕೆಲಸ ಹೇಗೆಂದು ಹೇಳುತ್ತೇನೆ, ಗಾಬರಿಯಾಗಬೇಡಿ. ಒಂದು ಸಾಲಿನ ಮೊದಲಲ್ಲಿ ನಕ್ಷತ್ರದ ಗುರುತು ಹಾಕಿ ಜಾಗ ಬಿಟ್ಟು ಬರೆದರೆ ಅದು ತಲೆಬರಹ. ಎರಡು ನಕ್ಷತ್ರ ಹಾಕಿದರೆ ಅದರ ಕೆಳಗಿನ ಉಪತಲೆಬರಹ, ಮೂರು ಹಾಕಿದರೆ ಇನ್ನೂ ಒಳಗಿನದು. ತಲೆಬರಹದ ಮೇಲೆ ನಿಂತು ಟ್ಯಾಬ್ ಕೀಲಿ ಒತ್ತಿದರೆ ಅದರ ಕೆಳಗಿನದೆಲ್ಲ ಮಡಿಚಿಕೊಂಡು ಒಂದೇ ಸಾಲು ಉಳಿಯುತ್ತದೆ, ಆ ಸಾಲಿನ ಕೊನೆಗೆ ಮೂರು ಚುಕ್ಕಿ. ಇನ್ನೊಮ್ಮೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಆರು ನೂರು ಪುಟ ಹೀಗೆ ಒಂದು ಪರದೆಯಲ್ಲಿ ಬಂದು ಕುಳಿತಾಗ ನನಗೆ ಆದ ಸಂತೋಷ, ಮಗಳ ಮದುವೆ ಮುಗಿಸಿ ಪಾತ್ರೆ ಎಣಿಸಿದಾಗ ಒಂದೂ ಕಡಿಮೆಯಾಗದಿದ್ದರೆ ಆಗುತ್ತದಲ್ಲ, ಅಂಥದ್ದು. ಇದನ್ನು ನೋಡಬೇಕೆಂದು ನೀವು ಹೊಸ ಎಡಿಟರು ಹಾಕಿಸಬೇಕಾಗಿಯೂ ಇಲ್ಲ. ನೀವು ಬಳಸುವ ವರ್ಡ್‌ನಲ್ಲಿಯೂ ಔಟ್‌ಲೈನ್ ಎಂಬ ನೋಟವಿದೆ. ತಲೆಬರಹವನ್ನು ಬರೀ ದಪ್ಪ ಅಕ್ಷರ ಮಾಡಿ ಬಿಡದೆ ಹೆಡ್ಡಿಂಗ್ ಎಂದು ಗುರುತಿಸಿದರೆ ಅದೂ ಘಡಿ ಹಾಕಿ ತೋರಿಸುತ್ತದೆ.

ಈ ವಿದ್ಯೆ ಹೊಸದೇನಲ್ಲ. 1968ರ ಡಿಸೆಂಬರ್ 9ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಎಂಜಿನಿಯರು ದೊಡ್ಡ ಸಭೆಯ ಮುಂದೆ ಕಂಪ್ಯೂಟರಿನ ಹೊಸ ಸಾಧ್ಯತೆಗಳನ್ನು ತೋರಿಸಿದ. ಇಂದು ನಾವೆಲ್ಲ ಹಿಡಿಯುವ ಮೌಸು ಮಂದಿಯ ಮುಂದೆ ಬಂದದ್ದು ಆ ಸಭೆಯಲ್ಲಿಯೇ. ಘಡಿ ಹಾಕುವುದನ್ನು ತೋರಿಸಲು ಅವನು ತೆಗೆದುಕೊಂಡ ಉದಾಹರಣೆ ಏನು ಗೊತ್ತೇ? ಮನೆಗೆ ಹೋಗುವಾಗ ತರಬೇಕಾದ ಸಂತೆಯ ಚೀಟಿ! ಬಾಳೆಹಣ್ಣು, ಗಜ್ಜರಿ, ಸೂಪು ಎಂದು ಸಾಲಾಗಿ ಬರೆದು, ಒಂದು ಜಾತಿಯವನ್ನು ಒಂದು ತಲೆಬರಹದ ಕೆಳಗೆ ಕೂಡಿಸಿ, ಬೇಡವಾದಾಗ ಮುಚ್ಚಿ, ಬೇಕಾದಾಗ ತೆರೆದು ತೋರಿಸಿದ. ಜಗತ್ತಿನ ಪಂಡಿತರು ಬೆರಗಾಗಿ ನೋಡಿದ್ದು ನಾವು ಪ್ರತಿ ವಾರ ಕ್ಯಾಲೆಂಡರಿನ ಹಿಂದೆ ಬರೆಯುವ ಚೀಟಿಯನ್ನು. ಅದಾದ ಎಷ್ಟೋ ವರ್ಷಗಳ ಮೇಲೆ, 2003ರಲ್ಲಿ, ಕಾರ್ಸ್ಟನ್ ಡೊಮಿನಿಕ್ ಎಂಬ ಖಗೋಳ ವಿಜ್ಞಾನಿ ತನ್ನ ಟಿಪ್ಪಣಿಗಳನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳಲೆಂದು ಈ ಆರ್ಗ್ ಮೋಡನ್ನು ಶುರುಮಾಡಿದ.

ನಮ್ಮಲ್ಲಂತೂ ಇದು ಇನ್ನೂ ಹಳೆಯದು. ಆಫೀಸಿನ ಫೈಲಿಗೆ ನಾವು ಕಡತ ಎನ್ನುತ್ತೇವಲ್ಲ, ಆ ಕಡತ ಮೊದಲು ಅರಿವೆಯದಾಗಿತ್ತು. ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಲಿಯ ಕಪ್ಪು ಬಳಿದು ಒಣಗಿಸಿ, ಒಂದರ ಮೇಲೊಂದು ಬರುವಂತೆ ಮಡಿಚಿ, ಮೇಲೆ ಕೆಳಗೆ ಹಲಗೆ ಕೊಟ್ಟು, ಬಳಪದಿಂದ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಬೇಕಾದ ಮಡಿಕೆಯನ್ನಷ್ಟೇ ತೆರೆದು ಲೆಕ್ಕ ನೋಡಬಹುದಿತ್ತು. ಹೆಸರು ಉಳಿದು ಅರಿವೆ ಹೋಯಿತು, ಈಗ ಮಡಿಕೆ ತಿರುಗಿ ಬಂದಿದೆ.

ಹೊಗಳಿದ್ದಾಯಿತು, ಇನ್ನು ಕುಂದಿನ ಮಾತು. ಮೊದಲನೆಯದು ಅಕ್ಷರದ್ದು. ಇಂಥ ಎಡಿಟರುಗಳಲ್ಲಿ ಕೆಲವು ಟರ್ಮಿನಲ್ ಎಂಬ ಕಪ್ಪು ಕಿಟಕಿಯೊಳಗೆ ಓಡುತ್ತವೆ. ವಿಮ್ ಎಂಬುದು ಬಹಳ ಹೆಸರಾದದ್ದು, ಅದರಲ್ಲಿಯೂ 2001ರಿಂದ ಮಡಿಕೆಯ ಅನುಕೂಲವಿದೆ. ಆದರೆ ಆ ಕಿಟಕಿಯಲ್ಲಿ ಪ್ರತಿ ಅಕ್ಷರಕ್ಕೂ ಅಳತೆಯ ಖಾನೆ. ಇಂಗ್ಲಿಷಿನ ಎ ಬಿ ಸಿ ಆ ಖಾನೆಯಲ್ಲಿ ಸುಖವಾಗಿ ಕೂಡುತ್ತವೆ. ನಮ್ಮ ಸ್ತ್ರೀ ಎಂಬ ಒಂದೇ ಅಕ್ಷರಕ್ಕೆ ಎರಡು ಒತ್ತು, ಒಂದು ದೀರ್ಘ, ಅದು ಎಲ್ಲಿ ಕೂಡಬೇಕು? ಒತ್ತು ಒಂದು ಕಡೆ, ದೀರ್ಘ ಇನ್ನೊಂದು ಕಡೆ ಚೆಲ್ಲಾಪಿಲ್ಲಿ. ಇಮ್ಯಾಕ್ಸನ್ನು ಅದರದೇ ಕಿಟಕಿಯಲ್ಲಿ ತೆರೆದರೆ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ಆದರೆ ಅದರ ಆಜ್ಞೆಗಳೆಲ್ಲ ಇಂಗ್ಲಿಷಿನ ಕೀಲಿಗಳು. ಪ್ರತಿ ಸಲ ಕನ್ನಡದಿಂದ ಆಚೆ ಹೋಗಿ ಆಜ್ಞೆ ಕೊಟ್ಟು ತಿರುಗಿ ಬರಬೇಕು. ನಿಜಾಮನ ಕಾಲದಲ್ಲಿ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು ಎಂದು ಬದುಕಿದ ಊರಿನವರಿಗೆ ಇದು ಹೊಸ ಕಷ್ಟವಲ್ಲ ಬಿಡಿ.

ಎರಡನೆಯ ಕುಂದು ಇದಕ್ಕಿಂತ ದೊಡ್ಡದು. ಈ ಏರ್ಪಾಟಿನಲ್ಲಿ ಒಂದು ಮಾತಿಗೆ ಒಂದೇ ಮನೆ. ‘ಮದುವೆ’ಯ ಕೆಳಗೆ ಇಟ್ಟದ್ದು ‘ಬರ’ದ ಕೆಳಗೆ ಇರುವುದಿಲ್ಲ. ಮುದುಕಿಯರು ಹಾಗೆ ಮಾತಾಡುತ್ತಾರೆಯೇ? ಭಾಲ್ಕಿಯ ಒಬ್ಬಾಕೆ ನನಗೆ ಹೇಳಿದ್ದು: “ಬರ ಬಿದ್ದ ವರ್ಷ ನನ್ನ ಮದುವ್ಯಾತ್ರಿ ಅಕ್ಕೋರೇ, ಅವ್ವ ಪಾಟ್ಲಿ ಮಾರಿ ಜ್ವಾಳ ತಂದಿದ್ಳು, ಅತ್ತಿ ಮನ್ಯಾಗ ಸಾಯೂತನಕ ಅದೇ ಮಾತು.” ಈ ಒಂದು ಮಾತಿನಲ್ಲಿ ಬರ, ಮದುವೆ, ಬಂಗಾರ, ಕಾಳು, ತವರು, ಅತ್ತೆಮನೆ ಎಲ್ಲ ಇವೆ. ಅದನ್ನು ಯಾವ ತಲೆಬರಹದ ಕೆಳಗೆ ಇಡಲಿ? ಆರ್ಗ್‌ನಲ್ಲಿ ಟ್ಯಾಗ್ ಎಂದು ಸಣ್ಣ ಗುರುತುಗಳನ್ನು ಎಷ್ಟಾದರೂ ಕಟ್ಟಬಹುದು ಎಂದು ಅಣ್ಣನ ಮಗಳು ಕಲಿಸಿದಳು. ಅದರಿಂದ ಅನುಕೂಲವಾಯಿತು, ಸುಳ್ಳು ಹೇಳಬಾರದು. ಆದರೂ ಮಡಿಚಿದಾಗ ಕಣ್ಣಿಗೆ ಮೊದಲು ಬೀಳುವುದು ತಲೆಬರಹವೇ.

ತಲೆಬರಹ ಬರೆಯುವವರು ಯಾರು ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ನಮ್ಮ ಜಿಲ್ಲೆಯ ಬಸವಕಲ್ಯಾಣವನ್ನು ನೆನೆಯಿರಿ. 12ನೆಯ ಶತಮಾನದ ಶರಣರ ವಚನಗಳು ಬಿಡಿಬಿಡಿಯಾಗಿದ್ದವು. ನಂತರದವರು ಅವನ್ನು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳ ಕೆಳಗೆ ಹೊಂದಿಸಿದರು. ಇದಕ್ಕೆ ಸ್ಥಲಕಟ್ಟು ಎಂದೇ ಹೆಸರು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಇನ್ನೊಂದು ರೀತಿಯ ಜೋಡಣೆ ಮಾಡಿದರು. ವಚನಗಳನ್ನು ಶರಣರ ಸಂಭಾಷಣೆಯಾಗಿ ಹೆಣೆದ ಅದು ಶೂನ್ಯಸಂಪಾದನೆ. ಮುಂದೆ ಹಲಗೆಯದೇವರು, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಒಂದೇ ಸೀರೆಗೆ ನಾಲ್ಕು ಸಲ ಬೇರೆ ಬೇರೆ ಘಡಿ. ಈ ದುಡಿಮೆಯಿಲ್ಲದೆ ಎಷ್ಟೋ ವಚನಗಳು ನಮ್ಮ ಕೈಗೆ ಸೇರುತ್ತಿರಲಿಲ್ಲ.

ಆದರೆ ಗೂಳೂರು ಸಿದ್ಧವೀರಣ್ಣನವರ ಪುಸ್ತಕದ ಅಧ್ಯಾಯಗಳ ಹೆಸರನ್ನಷ್ಟೇ ನೋಡುತ್ತ ಹೋಗಿ. ಮುಕ್ತಾಯಕ್ಕನಿಗೂ ಮಹಾದೇವಿಯಕ್ಕನಿಗೂ ಅವರವರ ಹೆಸರಿನಲ್ಲೇ ಅಧ್ಯಾಯಗಳಿವೆ, ಅದು ದೊಡ್ಡ ಮಾತು. ಇನ್ನೊಂದು ಅಧ್ಯಾಯ ಆಯ್ದಕ್ಕಿ ಮಾರಯ್ಯನವರ ಹೆಸರಿನದು. ಅದರೊಳಗೆ ಗಂಡ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ತಿರುಗಿ ಸುರಿದು ಬರುವಂತೆ ಕಳಿಸಿ ಅವನಿಗೆ ಕಾಯಕದ ಅರ್ಥ ತಿಳಿಸುವವಳು ಲಕ್ಕಮ್ಮ. ಇನ್ನೊಂದು ಮೋಳಿಗೆ ಮಾರಯ್ಯನವರದು. ಅಲ್ಲಿ ಗಂಡನ ತೊಡಕು ಬಿಡಿಸುವವಳು ಅವನ ಹೆಂಡತಿ ಮಹಾದೇವಿ. ಮಡಿಚಿ ಇಟ್ಟಾಗ ಕಾಣುವುದು ಇಬ್ಬರು ಮಾರಯ್ಯಂದಿರು. ಬಿಚ್ಚಿದಾಗ ಕೇಳುವುದು ಇಬ್ಬರು ಹೆಂಗಸರ ದನಿ. ಸಂಪಾದಿಸಿದವರು ಆ ದನಿಯನ್ನು ಮುಚ್ಚಲಿಲ್ಲ, ಪೂರ್ತಿಯಾಗಿ ಒಳಗೆ ಇಟ್ಟರು, ಅದಕ್ಕೆ ನಾವು ಋಣಿ. ಆದರೆ ತಲೆಬರಹ ಓದಿ ತೃಪ್ತರಾಗುವವರಿಗೆ ಲಕ್ಕಮ್ಮ ಸಿಕ್ಕುವುದಿಲ್ಲ.

ತಲೆಬರಹ ಬೇಕೆಂದೇ ಸುಳ್ಳು ಹೇಳುವುದೂ ಉಂಟು, ಅದೂ ಒಳ್ಳೆಯದಕ್ಕೆ. ನಿಜಾಮನ ಆಡಳಿತದಲ್ಲಿ ಕನ್ನಡ ಶಾಲೆಗೆ ಆಸರೆಯಿಲ್ಲದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದು ನಮ್ಮ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. 1999ರಲ್ಲಿ ಅವರು ಲಿಂಗೈಕ್ಯರಾದರು. ಬೋರ್ಡನ್ನಷ್ಟೇ ನೋಡಿ ಹೋದ ಅಧಿಕಾರಿಗೆ ಅದು ಉರ್ದು ಶಾಲೆ, ಒಳಗೆ ಕೂತ ಹುಡುಗನಿಗೆ ಅದು ಅ ಆ ಇ ಈ. ಹೀಗೆ ಮಡಿಕೆ ಒಮ್ಮೊಮ್ಮೆ ಕಾಪಾಡುತ್ತದೆ. ಒಮ್ಮೊಮ್ಮೆ ನುಂಗುತ್ತದೆ.

ನುಂಗಿದ ಕತೆ ನನ್ನದೇ. ಯಾವ ತಲೆಬರಹಕ್ಕೂ ಹೊಂದದ ಮಾತುಗಳನ್ನು ನಾನು ‘ಇತರೆ’ ಎಂಬ ಒಂದು ಸಾಲಿನ ಕೆಳಗೆ ಹಾಕುತ್ತ ಬಂದಿದ್ದೆ. ಅಡುಗೆಮನೆಯ ಮೂಲೆಯಲ್ಲಿ ಒಂದು ಡಬ್ಬಿ ಇರುತ್ತದಲ್ಲ, ಗುಂಡಿ, ಸೂಜಿ, ಮುರಿದ ಕೀಲಿಕೈ, ಎಲ್ಲ ಹಾಕುವುದು, ಹಾಗೆ. ಒಂದು ಸಂಜೆ ಪುಸ್ತಕವನ್ನು ಅಂದಗೊಳಿಸುವ ಉಮೇದಿನಲ್ಲಿ ಎಲ್ಲವನ್ನೂ ಮಡಿಚಿ ನೋಡುತ್ತಿದ್ದೆ. ‘ಇತರೆ’ ಎಂಬ ಸಾಲು ಕೊನೆಯಲ್ಲಿ ಒಂಟಿಯಾಗಿ ನಿಂತಿತ್ತು. ಖಾಲಿ ತಲೆಬರಹವಿರಬೇಕು ಎಂದುಕೊಂಡು ಆ ಸಾಲನ್ನು ಅಳಿಸಿದೆ. ಖಾಲಿ ತಲೆಬರಹದ ಮುಂದೆ ಮೂರು ಚುಕ್ಕಿ ಇರುವುದಿಲ್ಲ, ಒಳಗೆ ಏನಾದರೂ ಇದ್ದರೆ ಮಾತ್ರ ಇರುತ್ತವೆ. ಚಷ್ಮಾ ಹಾಕಿರಲಿಲ್ಲ, ಚುಕ್ಕಿ ಕಾಣಲಿಲ್ಲ. ಮಡಿಚಿದ ಸಾಲು ಹೋದರೆ ಅದರೊಳಗಿನದೂ ಜೊತೆಗೆ ಹೋಗುತ್ತದೆ. ಮೂವತ್ತೊಂದು ಪುಟ ಹೋದವು. ಕಡತ ಉಳಿಸಿ, ಯಂತ್ರ ಆರಿಸಿ, ನೆಮ್ಮದಿಯಾಗಿ ಮಲಗಿದೆ.

ಹೋದದ್ದು ನನಗೆ ಗೊತ್ತಾದದ್ದು ಒಂಬತ್ತು ದಿನಗಳ ನಂತರ. ಇದೇ ಮಡಿಕೆಯ ನಿಜವಾದ ಅಪಾಯ. ಹಾಸಿಟ್ಟದ್ದರಲ್ಲಿ ಒಂದು ತುಂಡು ಹೋದರೆ ನೆಲ ಕಾಣುತ್ತದೆ. ಮಡಿಚಿಟ್ಟದ್ದರಲ್ಲಿ ಹೋದರೆ ಏನೂ ಕಾಣುವುದಿಲ್ಲ. ಅದು ಎಡಿಟರಿನ ತಪ್ಪಲ್ಲ, ನಾನು ಹೇಳಿದ್ದನ್ನು ಅದು ಮಾಡಿತು. ಆದರೆ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಆ ಪುಟಗಳಲ್ಲಿ ಮಾತಾಡಿದ್ದ ಹೆಂಗಸರಲ್ಲಿ ಒಬ್ಬರೂ ಈಗ ಬದುಕಿಲ್ಲ. ಅಣ್ಣನ ಮಗಳಿಗೆ ಫೋನು ಮಾಡಿದರೆ ಅವಳು ತನ್ನ ಹತ್ತಿರ ಹಳೆಯ ಪ್ರತಿಯೊಂದು ಇದೆ, ಅದರಲ್ಲಿ ‘ಇತರೆ’ಯದು ಹನ್ನೆರಡು ಪುಟವಷ್ಟೇ ಇದೆ ಎಂದಳು. ಉಳಿದದ್ದಕ್ಕೆ ನೋಟ್‌ಬುಕ್ಕುಗಳೇ ಗತಿ. ಮಾಳಿಗೆಯ ಮೇಲಿನಿಂದ ಇಳಿಸಿ, ಧೂಳು ಝಾಡಿಸಿ, ಮತ್ತೆ ಟೈಪು ಮಾಡಲು ಕುಳಿತೆ.

ಮೊದಲ ಸಲ ನಾನು ಟೈಪು ಮಾಡಿದ್ದೆ, ಎರಡನೆಯ ಸಲ ಓದಿದೆ. ಹಾಗೆ ಓದುವಾಗ ಸಿಕ್ಕವಳು ಬೀದರ ಹಳೆಯ ಊರಿನ ಚೌಬಾರಾದ ಹತ್ತಿರ ಇದ್ದ ಒಬ್ಬ ಮುದುಕಿ. ಅವಳನ್ನು ನಾನು ಖಾಲಾ ಎಂದೇ ಕರೆಯುತ್ತಿದ್ದೆ. ಅವಳು ಹುಟ್ಟಿದ್ದು ಭಾಲ್ಕಿ ಕಡೆಯ ಒಂದು ಹಳ್ಳಿಯಲ್ಲಿ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮನ ಸೈನ್ಯ ಶರಣಾದ ಮೇಲೆ ಊರಲ್ಲಿ ಗಲಾಟೆ ಎದ್ದಿತು. ಪಕ್ಕದ ಮನೆಯ ಗೌಡತಿ ಅವಳನ್ನೂ ಅವಳ ತಾಯಿಯನ್ನೂ ಜೋಳ ಮುಗಿದು ಬರಿದಾಗಿದ್ದ ಹಗೇವಿನಲ್ಲಿ ಇಳಿಸಿ, ರಾತ್ರಿ ರೊಟ್ಟಿ ನೀರು ಕೊಟ್ಟು ಕಾಪಾಡಿದಳು. ತಂದೆ ತಿರುಗಿ ಬರಲಿಲ್ಲ. ಈ ಮಾತನ್ನು ನಾನು ‘ಇತರೆ’ಯಲ್ಲಿ ಯಾಕೆ ಇಟ್ಟಿದ್ದೆ? ನನ್ನ ಪುಸ್ತಕದಲ್ಲಿ ‘ರಜಾಕಾರರ ಕಾಲ’ ಎಂಬ ತಲೆಬರಹವಿತ್ತು, ‘ವಿಮೋಚನೆ’ ಎಂಬುದೂ ಇತ್ತು. ಅವೆರಡರ ಕೆಳಗೂ ಖಾಲಾಗೆ ಜಾಗವಿರಲಿಲ್ಲ. ಜಾಗ ಮಾಡುವ ಧೈರ್ಯ ನನಗಿರಲಿಲ್ಲ ಎನ್ನುವುದೇ ಸರಿ.

ಹಗೇವು ಎಂಬ ಮಾತು ಇನ್ನೆಲ್ಲೋ ಓದಿದ ನೆನಪಾಯಿತು. ಆರ್ಗ್‌ನಲ್ಲಿ ಒಂದು ಅನುಕೂಲವಿದೆ. ಒಂದು ಶಬ್ದ ಕೊಟ್ಟು ಕೇಳಿದರೆ ಇಡೀ ಪುಸ್ತಕವನ್ನು ಮಡಿಚಿ, ಆ ಶಬ್ದವಿರುವ ಕಡೆಗಳನ್ನು ಮಾತ್ರ ತೆರೆದು ತೋರಿಸುತ್ತದೆ. ಹಗೇವು ಎಂದು ಕೊಟ್ಟೆ. ಕಾಳಿನ ಮಾತಿನಲ್ಲಿ ಎರಡು ಕಡೆ ಇತ್ತು. ‘ರಜಾಕಾರರ ಕಾಲ’ದಲ್ಲಿ ಒಂದು ಕಡೆ ಇತ್ತು, ಔರಾದಿನ ಅಜ್ಜಿಯದು. ಅದೇ 1948ರ ಬೇಸಿಗೆಯಲ್ಲಿ ರಜಾಕಾರರು ಬಂದರೆಂದು ಸುದ್ದಿಯಾದಾಗ ಅವಳ ಅವ್ವ ಮೂವರು ಹೆಣ್ಣುಮಕ್ಕಳನ್ನು ಹಗೇವಿಗೆ ಇಳಿಸಿ ಮೇಲೆ ಕಣಿಕೆ ಮುಚ್ಚಿದ್ದಳು. “ಮ್ಯಾಲ ನೋಡಿದ್ರ ರೊಟ್ಟಿಯಷ್ಟ ಬೆಳಕ ಕಾಣ್ತಿತ್ತವ್ವಾ” ಎಂದು ಆಕೆ ಹೇಳಿದ್ದನ್ನು ನಾನು ಬರೆದುಕೊಂಡಿದ್ದೆ. ಒಂದೇ ವರ್ಷ, ಒಂದೇ ಜಿಲ್ಲೆ, ಎರಡು ಹುಡುಗಿಯರು, ಎರಡು ಹಗೇವು. ನನ್ನ ಪುಸ್ತಕದಲ್ಲಿ ಅವರಿಬ್ಬರ ನಡುವೆ ನಾನೂರು ಪುಟ.

ಆ ವರ್ಷದ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ಎಲ್ಲರಿಗೂ ಗೊತ್ತು, ಗೊತ್ತಿರಬೇಕಾದದ್ದೇ. ಸೆಪ್ಟೆಂಬರಿನ ನಂತರ ನಡೆದದ್ದನ್ನು ತಿಳಿಯಲು ಭಾರತ ಸರಕಾರವೇ ಪಂಡಿತ ಸುಂದರಲಾಲರ ಸಮಿತಿಯನ್ನು ಕಳಿಸಿತ್ತು. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳೆಂದು ಆ ವರದಿ ಹೆಸರಿಸಿದವುಗಳಲ್ಲಿ ಉಸ್ಮಾನಾಬಾದ, ಗುಲಬರ್ಗಾ, ನಾಂದೇಡದ ಜೊತೆಗೆ ಬೀದರವೂ ಇದೆ. ವರದಿ ದಶಕಗಳ ಕಾಲ ಪ್ರಕಟವಾಗದೆ ಉಳಿಯಿತು. ಸರಕಾರದ ಕಡತದಲ್ಲಿಯೂ ಘಡಿ ಇರುತ್ತದೆ. ಅದಕ್ಕೆ ನಾನು ಸರಕಾರವನ್ನು ಬಯ್ಯುವುದು ಹೇಗೆ? ನನ್ನ ‘ಇತರೆ’ಯೂ ಅದೇ ಜಾತಿಯದು.

ಕೊನೆಗೆ ನಾನು ಮಾಡಿದ್ದು ಇಷ್ಟು. ‘ಹಗೇವು’ ಎಂದು ಹೊಸದೊಂದು ತಲೆಬರಹ ಬರೆದೆ. ಔರಾದಿನ ಅಜ್ಜಿಯನ್ನೂ ಖಾಲಾನನ್ನೂ ಅಲ್ಲಿಗೆ ತಂದು ಪಕ್ಕಪಕ್ಕದಲ್ಲಿ ಕೂಡಿಸಿದೆ. ಒಂದು ತಲೆಬರಹವನ್ನು ಅದರೊಳಗಿನ ಎಲ್ಲದರ ಸಮೇತ ಎತ್ತಿ ಬೇರೆ ಕಡೆ ಇಡುವುದು ಈ ಎಡಿಟರಿನಲ್ಲಿ ಎರಡು ಕೀಲಿಯ ಕೆಲಸ. ಕಾಗದದ ಮೇಲಾಗಿದ್ದರೆ ಕತ್ತರಿ, ಗೋಂದು, ಮತ್ತೆ ನಕಲು. ನನ್ನ ವಿಮರ್ಶೆಯ ತೀರ್ಮಾನವೂ ಇದೇ. ಇಂಥ ಎಡಿಟರುಗಳ ದೊಡ್ಡ ಗುಣವೆಂದು ಎಲ್ಲರೂ ಹೇಳುವುದು ಮಡಿಚುವುದನ್ನು. ನನಗೆ ದೊಡ್ಡದಾಗಿ ಕಂಡದ್ದು ಗೆರೆ ಬದಲಿಸಿ ಮತ್ತೆ ಮಡಿಚುವ ಸುಲಭ. ದುಃಖವೆಂದರೆ ಮೊದಲ ದಿನ ಹಾಕಿದ ಗೆರೆಯನ್ನೇ ನಾವು ಕೊನೆಯವರೆಗೂ ಉಳಿಸಿಕೊಳ್ಳುತ್ತೇವೆ. ಚಂದವಾಗಿ ಕಾಣುತ್ತದೆಂದು ಬಿಚ್ಚುವುದಕ್ಕೆ ಹೋಗುವುದಿಲ್ಲ.

ನಿಮ್ಮಲ್ಲಿ ಯಾರಾದರೂ ಇದನ್ನು ಬಳಸುವುದಾದರೆ ಮೂರು ಮಾತು. ಮಡಿಚಿದ ಸಾಲನ್ನು ಬಿಚ್ಚಿ ನೋಡದೆ ಅಳಿಸಬೇಡಿ. ಪ್ರತಿಯೊಂದನ್ನು ಬೇರೆ ಕಡೆ ಇಟ್ಟಿರಿ, ಕೈಬರಹದ ನೋಟ್‌ಬುಕ್ಕನ್ನು ರದ್ದಿಗೆ ಹಾಕಬೇಡಿ. ‘ಇತರೆ’ ಎಂದು ಬರೆಯುವ ಮುಂಚೆ ಅದರೊಳಗೆ ಯಾರನ್ನು ಕಳಿಸುತ್ತಿದ್ದೇನೆ ಎಂದು ಒಂದು ಗಳಿಗೆ ಯೋಚಿಸಿ. ಹಗೇವು ತೆಗೆದವರು ಒಮ್ಮೆಲೇ ಒಳಗೆ ಇಳಿಯುವುದಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಇಳಿಯುತ್ತಾರೆ. ಹಳೆಯ ಬರವಣಿಗೆಗೂ ಅಷ್ಟು ತಾಳ್ಮೆ ಬೇಕು.

ಈಗ ವರ್ಷಕ್ಕೆ ಎರಡು ಸಲ, ಸೀರೆಗಳನ್ನು ತೆಗೆಯುವ ದಿನವೇ, ಪುಸ್ತಕವನ್ನೂ ಪೂರ್ತಿ ಬಿಚ್ಚಿ ಮೊದಲಿನಿಂದ ಓದುತ್ತೇನೆ. ಕಳೆದ ಸಲ ‘ಅತ್ತೆಯ ಕಾಟ’ ಎಂಬ ತಲೆಬರಹದ ಕೆಳಗೆ ಇದ್ದ ಎಂಟು ಹೆಂಗಸರ ಮಾತಿನಲ್ಲಿ ಮೂವರು ಸ್ವತಃ ಅತ್ತೆಯರೆಂಬುದು ಗೊತ್ತಾಯಿತು. ಆ ತಲೆಬರಹವನ್ನು ಅಳಿಸಿದ್ದೇನೆ, ಬಿಚ್ಚಿ ನೋಡಿಯೇ ಅಳಿಸಿದ್ದೇನೆ. ಹೊಸದು ಇನ್ನೂ ಹೊಳೆದಿಲ್ಲ. ಸದ್ಯಕ್ಕೆ ಆ ಎಂಟು ಜನ ತಲೆಬರಹವಿಲ್ಲದೆ ಸಾಲಾಗಿ ಕೂತಿದ್ದಾರೆ.